‘ಯಾರ ಜೀನ್ ಸರಿ ಇದೆ ಹೇಳಿ ಡಾಕ್ಟ್ರೇ’

ಸ್ಪ್ರೇ ಪೇಂಟಿಂಗ್ ಇರಲಿ, ಫೋಮ್ ತಯಾರಿ ಇರಲಿ, ಐಸೋಸೈನೇಟ್ (ಉಸಿರಿಗೆ ಹೋದರೆ ಕೆಲವರಿಗೆ ಆಸ್ತಮಾ ತರುವ ರಾಸಾಯನಿಕ) ಬಳಸುವ ಕಡೆಯ ಮಾಲೀಕರು ನನ್ನ ಹತ್ತಿರ ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ: “ಕೆಲಸಕ್ಕೆ ತಗೊಳ್ಳೋ ಮುಂಚೆ ಜೀನ್ ಟೆಸ್ಟ್ ಮಾಡಿಸಿದ್ರೆ, ಆಸ್ತಮಾ ಬರೋರನ್ನ ಬಿಟ್ಟುಬಿಡಬಹುದು ಅಲ್ವಾ?” ಆಗಲ್ಲ ಅಂದರೆ ನಂಬುವುದಿಲ್ಲ. ಟೆಸ್ಟಿಗೆ ದುಡ್ಡು ಕೊಡಲು ತಯಾರು. ಎಗ್ಸಾಸ್ಟ್ ರಿಪೇರಿ ಮಾತ್ರ ಮುಂದಿನ ತಿಂಗಳು!

ಜೀನಿಗೂ ಈ ಕಾಯಿಲೆಗೂ ನಂಟೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಗೆ ಸೇರಿದ ಎಚ್‌ಎಲ್‌ಎ ಜೀನ್‌ಗಳ ಕೆಲವು ರೂಪಗಳು ಇಂಥ ಆಸ್ತಮಾ ಇರುವವರಲ್ಲಿ ಜಾಸ್ತಿ ಕಂಡಿವೆ. ವಿಷ ಕಳೆಯಲು ನೆರವಾಗುವ ಜಿಎಸ್‌ಟಿಎಂ1 ಜೀನ್ ಇಲ್ಲದವರ ಬಗ್ಗೆಯೂ ಅನುಮಾನ ಇದೆ. ಆದರೆ ಒಂದು ಅಧ್ಯಯನದಲ್ಲಿ ಕಂಡ ನಂಟು ಇನ್ನೊಂದರಲ್ಲಿ ಕಾಣುವುದಿಲ್ಲ. ಆ ಜಿಎಸ್‌ಟಿಎಂ1 ಅಂತೂ ಎಷ್ಟೋ ಕಡೆ ಸುಮಾರು ಅರ್ಧ ಜನರಿಗೆ ಹುಟ್ಟಿನಿಂದಲೇ ಇಲ್ಲ. ಅವರನ್ನೆಲ್ಲ ಮನೆಗೆ ಕಳಿಸುತ್ತೀರಾ?

ಸುಮ್ನೆ ಒಂದು ಲೆಕ್ಕ ಹಾಕೋಣ. ಅಂಕಿ ನನ್ನ ಕಲ್ಪನೆಯದು. 100 ಕೆಲಸಗಾರರಲ್ಲಿ 30 ಜನರಿಗೆ ‘ಕೆಟ್ಟ’ ಜೀನ್ ಇದೆ. ಕಾಯಿಲೆ ಬೀಳುವವರು 8. ಅದರಲ್ಲಿ 4 ಜನ ಜೀನ್ ಇರುವವರು, 4 ಜನ ಇಲ್ಲದವರು. ಜೀನ್ ಇದ್ದವರಿಗೆ ಅಪಾಯ ಎರಡು ಪಟ್ಟಿಗಿಂತ ಜಾಸ್ತಿಯೇ ಆಯಿತು, ನಿಜ. ಈಗ ಆ 30 ಜನರನ್ನು ತೆಗೆಯಿರಿ. ಏನೂ ಆಗದೆ ಇರಬಹುದಾಗಿದ್ದ 26 ಜನರ ಕೆಲಸ ಹೋಯಿತು. ಉಳಿದವರಲ್ಲಿ 4 ಜನ ಹೇಗೂ ಕಾಯಿಲೆ ಬೀಳುತ್ತಾರೆ. ಅದೂ, ನಮಗೇನೂ ಆಗಲ್ಲ ಅನ್ನೋ ಧೈರ್ಯದಲ್ಲಿ ಮಾಸ್ಕ್ ಬಿಚ್ಚಿಟ್ಟು!

ಕೆಲಸಗಾರರೂ ಕಡಿಮೆ ಇಲ್ಲ. “ನಮ್ಮ ವಂಶದಲ್ಲೇ ಯಾರಿಗೂ ದಮ್ಮಿಲ್ಲ ಸಾರ್” ಅಂತ ಒಬ್ಬ ಪೇಂಟರ್ ವಾದಕ್ಕೇ ಇಳಿದಿದ್ದರು. ಒಳ್ಳೆ ಕೆಲಸಗಾರ, ಮಹಾ ಹಟಮಾರಿ. ವರ್ಷಗಟ್ಟಲೆ ಏನೂ ಆಗದೆ, ಆಮೇಲೆ ಕೆಮ್ಮು ಶುರುವಾಗಿತ್ತು. ಈ ಕಾಯಿಲೆಯ ರೀತಿಯೇ ಹಾಗೆ. ಅವರಿಗೆ ಉಬ್ಬಸ ಬರುತ್ತಿದ್ದದ್ದು ರಾತ್ರಿ, ಮನೆಯಲ್ಲಿ. ಹಾಗಾಗಿ ದಿಂಬು ಬದಲಾಯಿಸಿದರು, ಬೆಕ್ಕನ್ನು ಹೊರಗೆ ಹಾಕಿದರು. ಪಾಪ ಬೆಕ್ಕು. ರಾಸಾಯನಿಕ ಉಸಿರಿಗೆ ಹೋಗಿ ಎಷ್ಟೋ ಗಂಟೆ ಆದ ಮೇಲೂ ಉಬ್ಬಸ ಏಳಬಹುದು. ಊದುವ ಉಸಿರಿನ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಕೊಟ್ಟು ದಿನಕ್ಕೆ 4 ಸಲ ಊದಿ ಬರೆದಿಡಲು ಹೇಳಿದೆ. ಕೆಲಸದ ದಿನಗಳಲ್ಲಿ ಅಂಕಿ ಇಳಿಯುತ್ತಿತ್ತು, ರಜೆಯಲ್ಲಿ ಏರುತ್ತಿತ್ತು. ಚೀಟಿ ನೋಡಿದವರೇ, “ಹಾಗಾದ್ರೆ ಇನ್ನೂ ಸ್ಟ್ರಾಂಗ್ ಇನ್‌ಹೇಲರ್ ಕೊಡಿ” ಅಂದರು!

ಅಷ್ಟು ಸುಲಭ ಅಲ್ಲ. ಒಮ್ಮೆ ಅಲರ್ಜಿ ಕೂತ ಮೇಲೆ ಚೂರೇ ಚೂರು ಆವಿಯೂ ಸಾಕಾಗಬಹುದು. ಬೇಗ ಆ ಜಾಗ ಬಿಟ್ಟವರು ಚೇತರಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಎಲ್ಲರಿಗೂ ಪೂರ್ತಿ ವಾಸಿಯಾಗುತ್ತದೆ ಅಂತ ಮಾತು ಕೊಡಲಾರೆ.

ಹಾಗಂತ ಇದನ್ನು ಓದಿದ ಕೂಡಲೇ ರಾಜೀನಾಮೆ ಬರೆಯಬೇಡಿ. ಕೆಲಸ ಬಿಟ್ಟ ಮೇಲೆ ಕಾರಣ ಪತ್ತೆ ಮಾಡುವುದು ನಮಗೂ ಕಷ್ಟ. ಉಸಿರಾಟ ತೀರಾ ಕಷ್ಟವಾಗುತ್ತಿದ್ದರೆ ಮಾತು ಬೇರೆ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಪೇಂಟಿಗೆ ಬೆರೆಸುವ, ಐಸೋಸೈನೇಟ್ ಇರುವ ಆ ಹಾರ್ಡನರ್ ಡಬ್ಬದ ಲೇಬಲ್ಲಿನ ಫೋಟೋ ತೆಗೆದುಕೊಂಡು ಹೋಗಿ. ಡಬ್ಬ ತರಬೇಡಿ.