ಬಾಯಿ ಮುಚ್ಚಿದ ಮಡಕೆಯೊಳಗಿನ ಗಾಳಿ

ಮಣ್ಣಿನ ಕೆಲಸ ಕಲಿಯಲು ಬರುವವರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ, "ಇದೂ ಒಂಥರಾ ಧ್ಯಾನವೇ ಅಲ್ವಾ?" ಹೌದು ಅಂತ ಹೇಳಿ ಮುಗಿಸಬಹುದು. ಆದರೆ ತಿಗರಿಯ ಮುಂದೆ ಕೂತವರಿಗೆ ಆ ಉತ್ತರದಿಂದ ಏನೂ ಸಿಗುವುದಿಲ್ಲ. ಹಾಗಾಗಿ ನಾನು ಅವರಿಗೆ ತೊಶಿಕೊ ತಕಾಯೆಜು ಅವರ ಕೆಲಸದ ಚಿತ್ರಗಳನ್ನು ತೋರಿಸುತ್ತೇನೆ. ಅಮೆರಿಕದ ದೊಡ್ಡ ಶಿಲ್ಪಿ, ದಶಕಗಳ ಕಾಲ ಸೆರಾಮಿಕ್ಸ್ (ಮಣ್ಣನ್ನು ಸುಟ್ಟು ಮಾಡುವ ಕಲೆ) ಕಲಿಸಿದ ಶಿಕ್ಷಕಿ. ಝೆನ್ ಬೌದ್ಧ ದಾರಿಯನ್ನು ಹತ್ತಿರದಿಂದ ಕಂಡವರು. ಅವರ ಒಳಗಿನ ನಂಬಿಕೆ ಏನಿತ್ತು ಅನ್ನುವುದು ಅವರು ಮಡಕೆ ಮಾಡುತ್ತಿದ್ದ ಕ್ರಮದಲ್ಲೇ ಕಾಣುತ್ತದೆ. ಬೇರೆ ಕಡೆ ಹುಡುಕಬೇಕಾಗಿಲ್ಲ.

ಅವರು ಹುಟ್ಟಿದ್ದು 1922ರಲ್ಲಿ, ಹವಾಯಿ ದ್ವೀಪದಲ್ಲಿ. ತಂದೆ ತಾಯಿ ಜಪಾನಿನ ಒಕಿನಾವಾದಿಂದ ಬಂದು ನೆಲೆಸಿದವರು. 11 ಮಕ್ಕಳ ತುಂಬು ಮನೆ. ಮಣ್ಣಿನ ನಂಟು ಶುರುವಾಗಿದ್ದು ಪಾತ್ರೆಗಳನ್ನು ಮಾಡಿ ಮಾರುವ ಒಂದು ಕಡೆ ಕೆಲಸಕ್ಕೆ ಸೇರಿದಾಗ. ಅಚ್ಚಿಗೆ ಮಣ್ಣು ಒತ್ತಿ ಒಂದೇ ಥರದವನ್ನು ನೂರಾರು ತೆಗೆಯುವ ಕೆಲಸ. ಅದು ಅವರಿಗೆ ಹಿಡಿಸಲಿಲ್ಲ. ಆದರೆ ಗ್ಲೇಜ್ (ಸುಟ್ಟಾಗ ಗಾಜಿನ ಹಾಗಾಗುವ ಲೇಪ) ಹಚ್ಚುವ ಕೈ ಪಳಗಿದ್ದು ಅಲ್ಲೇ. ಆಮೇಲೆ ಹವಾಯಿ ವಿಶ್ವವಿದ್ಯಾಲಯದಲ್ಲಿ ಕ್ಲಾಡ್ ಹೋರಾನ್ ಅವರ ಬಳಿ ಕಲಿತರು. 1951ರಲ್ಲಿ ಮಿಶಿಗನ್‌ನ ಕ್ರ್ಯಾನ್‌ಬ್ರೂಕ್ ಕಲಾ ಅಕಾಡೆಮಿ ಸೇರಿದರು.

ಕ್ರ್ಯಾನ್‌ಬ್ರೂಕ್‌ಗೆ ಹೋಗಿದ್ದೇ ಮೈಯಾ ಗ್ರೋಟೆಲ್ ಅವರಿಗಾಗಿ. ಗ್ರೋಟೆಲ್ ಫಿನ್ಲೆಂಡಿನಿಂದ ಬಂದವರು. 1938ರಿಂದ 1966ರವರೆಗೆ ಅಲ್ಲಿ ಸೆರಾಮಿಕ್ಸ್ ವಿಭಾಗ ನಡೆಸಿದರು. ಶಿಷ್ಯರು ತಮ್ಮ ಹಾಗೆ ಆಗಬಾರದು, ಅವರವರ ಹಾಗೇ ಆಗಬೇಕು ಅನ್ನುವುದು ಅವರ ಹಟ. ಹೀಗೆ ಮಾಡು ಅಂತ ಹೇಳಿಕೊಡುವುದು ಕಡಿಮೆ. ಕಲಿಯುವವರಿಗೆ ಇದು ತುಂಬಾ ಕಷ್ಟದ ಪಾಠ. ಗುರು ಸರಿ ತಪ್ಪು ಹೇಳದಿದ್ದರೆ ಕೈ ತಾನೇ ನಿರ್ಧರಿಸಬೇಕಾಗುತ್ತದೆ, ಅಲ್ವಾ?

1955ರಲ್ಲಿ ತಕಾಯೆಜು ತಾಯಿ ಮತ್ತು ಸಹೋದರಿಯ ಜೊತೆ ಜಪಾನಿಗೆ ಹೋದರು. ಸುಮಾರು 8 ತಿಂಗಳು ಅಲ್ಲಿದ್ದರು. ಝೆನ್ ಮಠದಲ್ಲಿ ಕೆಲಕಾಲ ಉಳಿದರು, ಚಹಾ ಕೂಟದ ಕ್ರಮ ಕಲಿತರು. ಹಮಾದಾ ಶೋಜಿ, ಬಿಜೆನ್ ಊರಿನ ಕನೆಶಿಗೆ ತೋಯೊ ಅವರಂಥ ಹಿರಿಯ ಕುಂಬಾರರನ್ನು ಕಂಡರು. ತಕಾಯೆಜು ಅವರ ಆಧ್ಯಾತ್ಮವೆಲ್ಲ ಈ ಪ್ರವಾಸದಿಂದಲೇ ಬಂತು ಅಂತ ಬರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಗ್ರೋಟೆಲ್ ಮೊದಲೇ ನೆಲ ಹದ ಮಾಡಿದ್ದರು. ಮಠದಲ್ಲಿ ಕಂಡದ್ದು ಆ ನೆಲಕ್ಕೆ ಬಿತ್ತು. ಬೆಳೆ ಬಂದಿದ್ದು ವಾಪಸ್ ಬಂದ ಮೇಲೆ, ತಿಗರಿಯ ಮೇಲೆ.

1950ರ ದಶಕದ ಕೊನೆಗೆ ಅವರು ಮಡಕೆಯ ಬಾಯಿಯನ್ನು ಮುಚ್ಚತೊಡಗಿದರು. ಕೇಳಲು ಸುಲಭ. ಮಾಡಿ ನೋಡಿದರೆ ಗೊತ್ತಾಗುತ್ತದೆ. ಗೋಡೆ ಎತ್ತಿದ ಮೇಲೆ ಎರಡೂ ಕೈಯಿಂದ ಕತ್ತನ್ನು ಸುತ್ತ ಹಿಡಿದು, ಸ್ವಲ್ಪ ಸ್ವಲ್ಪವೇ ಒಳಗೆ ಒತ್ತುತ್ತಾ ಬರಬೇಕು. ಒತ್ತಿದಷ್ಟೂ ಮಣ್ಣು ದಪ್ಪವಾಗುತ್ತದೆ. ಅದನ್ನು ಮತ್ತೆ ಮೇಲೆಳೆದು ತೆಳ್ಳಗೆ ಮಾಡಬೇಕು. ಅವಸರ ಮಾಡಿದರೆ ಕತ್ತು ನೆರಿಗೆ ಬಿದ್ದು ತಿರುಚಿಕೊಳ್ಳುತ್ತದೆ. ಮೊದಲು ಇಡೀ ಕೈ ಒಳಗೆ ಹೋಗುತ್ತಿತ್ತು. ಆಮೇಲೆ ಎರಡು ಬೆರಳು, ಆಮೇಲೆ ಒಂದು. ಕೊನೆಗೆ ಅದೂ ಹೊರಗೆ ಬರಬೇಕು. ಅಲ್ಲಿಂದ ಮುಂದೆ ಒಳಗಿನ ಗೋಡೆಯನ್ನು ಯಾರೂ ಮುಟ್ಟುವ ಹಾಗಿಲ್ಲ, ಮಾಡಿದವರೂ ಸಹ.

ಮುಚ್ಚಿದ ಕ್ಷಣವೇ ಮಣ್ಣಿನ ನಡವಳಿಕೆ ಬದಲಾಗುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ ಗೋಡೆಯನ್ನು ಒಳಗಿನಿಂದ ತಳ್ಳಿ ಹಿಡಿಯುತ್ತದೆ. ಹಸಿ ಮಣ್ಣನ್ನು ಹೊರಗಿನಿಂದ ಒತ್ತಿದರೂ ಕುಸಿಯುವುದಿಲ್ಲ, ಇನ್ನೊಂದು ಕಡೆ ಉಬ್ಬುತ್ತದೆ. ತೆರೆದ ಮಡಕೆಯಲ್ಲಿ ಒಳಗಿನ ಕೈ ಮಾಡುತ್ತಿದ್ದ ಕೆಲಸವನ್ನು ಈಗ ಗಾಳಿ ಮಾಡುತ್ತಿದೆ. ಆದರೆ ಮಣ್ಣು ಒಣಗುತ್ತಾ ಕುಗ್ಗುತ್ತದೆ, ಗಾಳಿ ಜಾಗ ಬಿಡುವುದಿಲ್ಲ, ಗೋಡೆ ಸೀಳುತ್ತದೆ. ಅದಕ್ಕೇ ಸೂಜಿಯಷ್ಟು ಸಣ್ಣ ತೂತು ಬೇಕು. ಮಡಕೆ ಸುಡುವ ಗೂಡಿನಲ್ಲಿ ಅದು ಸಿಡಿಯುವುದು ಗಾಳಿಯಿಂದ ಅಂತ ತುಂಬಾ ಜನ ನಂಬಿದ್ದಾರೆ. ನಿಜವಾಗಿ ಸಿಡಿಸುವುದು ಗೋಡೆಯಲ್ಲಿ ಉಳಿದ ತೇವ. ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ಆವಿಯಾಗಿ, ಹೊರಗೆ ಬರಲು ದಾರಿ ಸಿಗದೆ ಮಣ್ಣನ್ನು ಒಡೆಯುತ್ತದೆ. ಮುಚ್ಚಿದ ಮಡಕೆಯ ಒಳಮೈ ತೀರಾ ನಿಧಾನವಾಗಿ ಒಣಗುವುದರಿಂದ ಅಪಾಯ ಜಾಸ್ತಿ.

ಮಡಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಕಣ್ಣಿಗೆ ಕಾಣದ ಆ ಒಳಗಿನ ಕತ್ತಲೆ ಜಾಗ ಎನ್ನುತ್ತಿದ್ದರು ತಕಾಯೆಜು. ಇದನ್ನು ಸುಮ್ನೆ ಓದಿದರೆ ತತ್ವದ ಮಾತಿನ ಹಾಗೆ ಕೇಳುತ್ತದೆ. ಒಮ್ಮೆ ಬಾಯಿ ಮುಚ್ಚಿ ನೋಡಿದವರಿಗೆ ಇದು ಕೆಲಸದ ಮಾತು. ಆಕಾರವನ್ನು ಎತ್ತಿ ನಿಲ್ಲಿಸಿರುವುದೇ ಆ ಖಾಲಿ ಜಾಗ.

ಕೆಲವು ಮಡಕೆಗಳನ್ನು ಮುಚ್ಚುವ ಮುಂಚೆ ಅವರು ಒಂದು ಸಣ್ಣ ಮಣ್ಣಿನ ಉಂಡೆಯನ್ನು ಕಾಗದದಲ್ಲಿ ಸುತ್ತಿ ಒಳಗೆ ಹಾಕುತ್ತಿದ್ದರು. ಕಾಗದ ಇರುವುದರಿಂದ ಉಂಡೆ ಹಸಿ ಗೋಡೆಗೆ ಅಂಟುವುದಿಲ್ಲ. ಗೂಡಿನಲ್ಲಿ ಕಾಗದ ಸುಟ್ಟುಹೋಗುತ್ತದೆ, ಉಂಡೆ ಬೆಂದು ಗಟ್ಟಿಯಾಗುತ್ತದೆ. ಆಮೇಲೆ ಮಡಕೆಯನ್ನು ಅಲುಗಿಸಿದರೆ ಒಳಗಿನಿಂದ ಸದ್ದು ಬರುತ್ತದೆ. ಗೋಡೆ ಎಷ್ಟು ದಪ್ಪ, ಒಳಗಿನ ಜಾಗ ಎಷ್ಟು ದೊಡ್ಡದು ಅನ್ನುವುದರ ಮೇಲೆ ಸದ್ದು ಬೇರೆಬೇರೆ. ಕಣ್ಣಿಗೆ ಸಿಗದ ಒಳಗು ಹೀಗೆ ಕಿವಿಗೆ ಸಿಗುತ್ತದೆ. ನಾನು ಕಂಡ ಕುಶಲತೆಗಳಲ್ಲಿ ಇಷ್ಟು ಸರಳವಾದದ್ದು, ಇಷ್ಟು ಆಳಕ್ಕೆ ಹೋಗುವುದು ಇನ್ನೊಂದಿಲ್ಲ.

ಅಂಗೈಯಲ್ಲಿ ಹಿಡಿಸುವಷ್ಟಿದ್ದ ಆಕಾರಗಳು ವರ್ಷ ಕಳೆದ ಹಾಗೆ ಆಳೆತ್ತರಕ್ಕೆ ಬೆಳೆದವು. ಚಂದ್ರನ ಹಾಗಿದ್ದ ದುಂಡನೆಯ ಮಡಕೆಗಳನ್ನು ಬಲೆಯ ತೂಗುಮಂಚದಲ್ಲಿ ಮಲಗಿಸಿ ಪ್ರದರ್ಶನಕ್ಕಿಟ್ಟರು. 1959ರಲ್ಲಿ ಹವಾಯಿಯ ಕಿಲಾವೇಯಾ ಇಕಿ ಜ್ವಾಲಾಮುಖಿ ಉಕ್ಕಿ ಒಂದು ಕಾಡನ್ನೇ ಬೋಳು ಮಾಡಿತ್ತು. ಆ ಜಾಗದ ನೆನಪಿನಲ್ಲಿ ಸುಟ್ಟ ಮರದ ಬೊಡ್ಡೆಗಳಂಥ ಎತ್ತರದ ಶಿಲ್ಪಗಳನ್ನು ಗುಂಪಾಗಿ ನಿಲ್ಲಿಸಿದರು. ಝೆನ್ ಎಷ್ಟು ಮುಖ್ಯವೋ ಹುಟ್ಟಿದ ನೆಲ ಅಷ್ಟೇ ಮುಖ್ಯವಾಗಿತ್ತು ಅನ್ನುವುದಕ್ಕೆ ನನಗೆ ಇದೇ ಸಾಕು. ಮಡಕೆ ಮಾಡುವುದು, ಅಡುಗೆ ಮಾಡುವುದು, ತರಕಾರಿ ಬೆಳೆಯುವುದು ಈ ಮೂರರಲ್ಲಿ ತಮಗೆ ವ್ಯತ್ಯಾಸ ಕಾಣುವುದಿಲ್ಲ ಎಂದೂ ಅವರು ಹೇಳಿದ್ದುಂಟು.

ಕಲಿಸುವುದನ್ನೂ ಅದೇ ಸಾಲಿಗೆ ಸೇರಿಸಬಹುದು. ಕ್ಲೀವ್‌ಲ್ಯಾಂಡ್ ಕಲಾ ಸಂಸ್ಥೆಯಲ್ಲಿ ಸುಮಾರು 10 ವರ್ಷ, ಆಮೇಲೆ 1967ರಿಂದ 1992ರವರೆಗೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ನ್ಯೂಜೆರ್ಸಿಯ ಕ್ವೇಕರ್‌ಟೌನ್‌ನ ಅವರ ಮನೆಯಲ್ಲಿ ಶಿಷ್ಯರು ಇದ್ದುಕೊಂಡೇ ಕಲಿಯುತ್ತಿದ್ದರು. ಅಲ್ಲಿ ತೋಟದ ಕೆಲಸವೂ ಪಾಠವೇ. ಗ್ಲೇಜ್ ಹಾಕುವಾಗ ತಕಾಯೆಜು ಮಡಕೆಯ ಸುತ್ತ ನಡೆಯುತ್ತಾ ಸುರಿಯುತ್ತಿದ್ದರು, ಕುಂಚದಿಂದ ಬಳಿಯುತ್ತಿದ್ದರು. ಮಡಕೆಗೆ ಮುಂಭಾಗ ಅಂತ ಒಂದಿಲ್ಲ ಅನ್ನುವುದನ್ನು ಬಾಯಲ್ಲಿ ಹೇಳುವುದಕ್ಕಿಂತ ಹೀಗೆ ತೋರಿಸುವುದು ಮೇಲು.

ನನ್ನ ತರಗತಿಯಲ್ಲಿ ಕೈ ಸ್ವಲ್ಪ ಕೂತವರಿಗೆ ನಾನು ಮುಚ್ಚಿದ ಆಕಾರ ಮಾಡಲು ಹೇಳುತ್ತೇನೆ. "ಬಾಯಿ ಇಲ್ಲದಿದ್ದರೆ ಇದರಿಂದ ಏನು ಉಪಯೋಗ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಪ್ರಶ್ನೆ ಸರಿಯಾಗಿದೆ. ನೀರು ತುಂಬಲಾಗದು, ಹೂ ಇಡಲಾಗದು. ಉಪಯೋಗ ಬಿಟ್ಟುಹೋದ ಮೇಲೂ ಅದನ್ನು ಅಷ್ಟೇ ಕಾಳಜಿಯಿಂದ ಮಾಡುತ್ತೀರಾ ಅಂತ ನಾನು ತಿರುಗಿ ಕೇಳುತ್ತೇನೆ. ಅವರಲ್ಲಿ ಕೆಲವರು ಕಾಣದ ಒಳಮೈಯನ್ನೂ ನುಣುಪು ಮಾಡಿಯೇ ಮುಚ್ಚುತ್ತಾರೆ. ಅದನ್ನು ನಾನು ಹೇಳಿಕೊಟ್ಟಿರುವುದಿಲ್ಲ. ಧ್ಯಾನದ ಬಗ್ಗೆ ಕೇಳಿದವರಿಗೆ ನನ್ನಲ್ಲಿರುವ ಉತ್ತರ ಇಷ್ಟೇ.

ಮಾಡಿ ನೋಡುವ ಮನಸ್ಸಿದ್ದರೆ ಒಂದು ಹಿಡಿ ಮಣ್ಣಿನಿಂದ ಶುರು ಮಾಡಿ. ಮುಚ್ಚಿದ ಮೇಲೆ ಆಕಾರ ತಿದ್ದುವುದನ್ನು ಮುಗಿಸಿ, ಮೈ ಸ್ವಲ್ಪ ಬಿಗಿಯಾದಾಗ ತೂತು ಹಾಕಿ. ಮೊದಲೇ ಹಾಕಿದರೆ ಗಾಳಿಯ ಆಸರೆ ತಪ್ಪಿಹೋಗುತ್ತದೆ. ತೆಳ್ಳನೆಯ ಬಟ್ಟೆ ಮುಚ್ಚಿ ನೆರಳಿನಲ್ಲಿ ಒಣಗಿಸಿ. ಗೂಡಿಗಿಡುವ ಮುಂಚೆ ಕೆನ್ನೆಗೆ ತಾಗಿಸಿ ನೋಡಿ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ತೇವ ಇದೆ. ಇನ್ನಷ್ಟು ದಿನ ಬಿಡಿ.