ಪಾಲಿಶ್‌ಗಿಂತ ಮೊದಲು ಟಾರ್ಚು ಕೊಳ್ಳಿ

ಮನೆಯಲ್ಲೇ ಕಾರಿನ ಪೇಂಟು ಸರಿಮಾಡಿಕೊಳ್ಳೋಣ ಅಂತ ಹೊರಟವರು ಮೊದಲು ಕೇಳುವುದು, ಯಾವ ಪಾಲಿಶ್ ಒಳ್ಳೇದು ಅಂತ. ನಾನು ಹೇಳುವುದು, ಮೊದಲು ದೀಪ ಕೊಳ್ಳಿ. ಕಾಣದ ಗೀರನ್ನು ತೆಗೆಯಲು ಆಗುವುದಿಲ್ಲ. ಹೋಯಿತು ಅಂದುಕೊಂಡ ಗೀರು ನಿಜವಾಗಿ ಹೋಗಿದೆಯಾ ಅಂತ ತಿಳಿಸುವುದೂ ದೀಪವೇ.

ಇವತ್ತು ರಾತ್ರಿಯೇ ನೋಡಿ. ಪೋರ್ಟಿಕೋದ ಲೈಟು ಆರಿಸಿ, ಫೋನಿನ ಟಾರ್ಚು ಹಾಕಿ ಬಾನೆಟ್ ಮೇಲೆ ಹಿಡಿಯಿರಿ. ಗಾಡಿ ಕಪ್ಪೋ ಕಡುನೀಲಿಯೋ ಆಗಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಟಾರ್ಚಿನ ಪ್ರತಿಬಿಂಬದ ಸುತ್ತ ಸಣ್ಣ ಸಣ್ಣ ಗೀರುಗಳು ಜೇಡರ ಬಲೆಯ ಹಾಗೆ ಸುತ್ತು ಸುತ್ತಾಗಿ ಹೊಳೆಯುತ್ತವೆ. ಈಗ ಕೈಯನ್ನು ಒಂದು ಗೇಣು ಆಚೆ ಸರಿಸಿ. ಬಲೆಯೂ ಜೊತೆಗೇ ಸರಿಯುತ್ತದೆ! ಯಾರೋ ಸುತ್ತುತ್ತಾ ಒರೆಸಿದ್ದರಿಂದಲೇ ಗೀರು ಸುತ್ತಾಗಿದೆ ಅಂತ ತುಂಬಾ ಜನ ನಂಬಿದ್ದಾರೆ, ಆದರೆ ವಿಷಯ ಅದಲ್ಲ. ಗೀರು ಎಲ್ಲ ದಿಕ್ಕಿಗೂ ಇರುತ್ತವೆ. ಒಂದೊಂದು ಗೀರೂ ಒಂದು ಸಣ್ಣ ಕಾಲುವೆ, ಅದರ ಗೋಡೆ ಬೆಳಕನ್ನು ಎಸೆಯುವುದು ತನ್ನ ಉದ್ದಕ್ಕೆ ಅಡ್ಡಲಾಗಿ. ಹಾಗಾಗಿ ಪ್ರತಿಬಿಂಬಕ್ಕೆ ಅಡ್ಡವಾಗಿ ಬಿದ್ದಿರುವ ಗೀರುಗಳ ಬೆಳಕು ಮಾತ್ರ ನಮ್ಮ ಕಣ್ಣಿಗೆ ಬರುತ್ತದೆ, ಉಳಿದವು ಅಲ್ಲೇ ಇದ್ದರೂ ಕತ್ತಲಲ್ಲಿ ಇರುತ್ತವೆ. ಅಡ್ಡವಾಗಿ ಬಿದ್ದವನ್ನೆಲ್ಲ ಒಟ್ಟಿಗೆ ನೋಡಿದಾಗ ವೃತ್ತ ಕಾಣುತ್ತದೆ, ಅಷ್ಟೇ.

ಈ ಗೀರು ಬಂದದ್ದೆಲ್ಲಿಂದ? ಹೆಚ್ಚಿನದು ಬೆಳಿಗ್ಗೆ ಗಾಡಿ ಒರೆಸುವ ಒಣ ಬಟ್ಟೆಯಿಂದ. ನಮ್ಮ ರಸ್ತೆ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇದ್ದೇ ಇರುತ್ತದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚು 7ರಲ್ಲಿದೆ, ವಜ್ರ 10ರಲ್ಲಿ. ಕಾರಿನ ಮೇಲಿನ ಪಾರದರ್ಶಕ ಪದರ ಒಂಥರಾ ಪ್ಲಾಸ್ಟಿಕ್ಕು, ಬೆಣಚಿನ ಮುಂದೆ ಅದು ಬಹಳ ಮೆತ್ತಗೆ. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ಕಡೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಒಂದು ಅರ್ಧ ಗಂಟೆ ಹೋಗಿ ಬಂದ ಗಾಡಿಯನ್ನು ನೀರು ಹಾಕದೆ ಸುಮ್ನೆ ಬಟ್ಟೆಯಲ್ಲಿ ಒರೆಸಿದರೆ, ಅದು ಮರಳು ಕಾಗದದಲ್ಲಿ ಉಜ್ಜಿದ್ದಕ್ಕೆ ಸಮ.

ಇನ್ನು ಪೇಂಟಿನ ದಪ್ಪ. ಇದನ್ನು ತಿಳಿಯದೆ ಯಾರೂ ಪಾಲಿಶ್ ಮೆಷಿನ್ ಹಿಡಿಯಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಆಗಲೇ ಹೇಳಿದ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸುಮಾರು 35ರಿಂದ 50 ಮೈಕ್ರಾನ್. ಒಂದು ಮಿಲಿಮೀಟರ್ ಅಂದರೆ 1000 ಮೈಕ್ರಾನ್, ಲೆಕ್ಕ ಹಾಕಿ. ಬಿಸಿಲಿನ ಅತಿನೇರಳೆ ಕಿರಣ ತಡೆದು ಬಣ್ಣ ಉಳಿಸುವುದೂ ಈ ಪದರವೇ. ಉಜ್ಜಿದಷ್ಟೂ ಇದು ತೆಳುವಾಗುತ್ತದೆ, ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಬೇಕಾದಷ್ಟೇ ಉಜ್ಜಬೇಕು, ಬೇಕಾದದ್ದು ಎಷ್ಟು ಅಂತ ಹೇಳಲು ದೀಪ ಸರಿಯಿರಬೇಕು.

ಯಾವ ದೀಪ? ಮನೆಯ ಟ್ಯೂಬ್‌ಲೈಟು ಈ ಕೆಲಸಕ್ಕೆ ಆಗಿಬರುವುದಿಲ್ಲ. ಅದರ ಬೆಳಕು ಉದ್ದಕ್ಕೆ ಹರಡಿಕೊಂಡಿರುತ್ತದೆ, ಎಲ್ಲ ದಿಕ್ಕಿನಿಂದ ಬಂದ ಬೆಳಕು ಗೀರಿನ ಹೊಳಪನ್ನು ನುಂಗಿಬಿಡುತ್ತದೆ. ಭಾನುವಾರ ಸಂಜೆ ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಹೊತ್ತಿಕೊಂಡಾಗ ಅದರ ಎದುರು ನಿಂತ ಯಾವ ಕಾರಾದರೂ ಸೊಗಸಾಗಿ ಕಾಣುತ್ತದೆ ಅಲ್ವಾ? ಅಷ್ಟಗಲಕ್ಕೆ ಹರಡಿದ ಬೆಳಕಿನಲ್ಲಿ ಗೀರು ಹುಡುಕುವುದು ಕಷ್ಟ. ಅದೇ ಗಾಡಿಯನ್ನು ಮರುದಿನ ಹನ್ನೊಂದು ಗಂಟೆ ಬಿಸಿಲಿಗೆ ನಿಲ್ಲಿಸಿ, ಎಲ್ಲ ಬಯಲಾಗುತ್ತದೆ. ಟ್ಯೂಬ್‌ಲೈಟಿನಿಂದ ಒಂದು ಉಪಯೋಗ ಮಾತ್ರ ಇದೆ. ಅದರ ಉದ್ದನೆಯ ಪ್ರತಿಬಿಂಬ ಡೋರಿನ ಮೇಲೆ ಎಲ್ಲಿ ಸೊಟ್ಟಗಾಗುತ್ತದೋ ಅಲ್ಲಿ ತಗ್ಗು ಇದೆ ಅಂತ ಗೊತ್ತಾಗುತ್ತದೆ.

ಗೀರು ನೋಡಲು ಬೇಕಾದದ್ದು ಸೂರ್ಯನಂಥ ದೀಪ. ಸೂರ್ಯ ಆಕಾಶದಲ್ಲಿ ನಮಗೆ ಕಾಣುವ ಅಗಲ ಸುಮಾರು ಅರ್ಧ ಡಿಗ್ರಿ ಅಷ್ಟೇ. ಈಗ 5 ಮಿಲಿಮೀಟರ್ ಅಗಲದ ಒಂಟಿ ಎಲ್‌ಇಡಿ ತಗೊಳ್ಳಿ. ಅದರಿಂದ ಬಾನೆಟ್‌ಗೆ ಒಂದಡಿ, ಬಾನೆಟ್‌ನಿಂದ ನಿಮ್ಮ ಕಣ್ಣಿಗೆ ಒಂದಡಿ ಇದ್ದರೆ ಅದೂ ಹೆಚ್ಚುಕಡಿಮೆ ಅರ್ಧ ಡಿಗ್ರಿ ಅಗಲವೇ ಕಾಣುತ್ತದೆ. ಅಂದರೆ ಒಂದು ಸಾಧಾರಣ ಟಾರ್ಚು ರಾತ್ರಿ ಹೊತ್ತು ಸೂರ್ಯನ ಕೆಲಸ ಮಾಡಿಕೊಡುತ್ತದೆ. ಅಂಗಡಿಯಲ್ಲಿ ಹಲಗೆಯಂತೆ ಅಗಲವಾಗಿರುವ ಎಲ್‌ಇಡಿ ವರ್ಕ್‌ಲೈಟುಗಳು ಸಿಗುತ್ತವೆ, ಬೆಳಕು ಜಾಸ್ತಿ, ಬೆಲೆಯೂ ಜಾಸ್ತಿ. ಸುತ್ತಲಿನ ಕೆಲಸಕ್ಕೆ ಅವು ಸರಿ, ಸಣ್ಣ ಗೀರಿಗೆ ಒಂಟಿ ಎಲ್‌ಇಡಿ ಟಾರ್ಚೇ ವಾಸಿ. ಲ್ಯೂಮೆನ್, ಅಂದರೆ ಒಟ್ಟು ಬೆಳಕು, ಎಷ್ಟು ಅನ್ನುವುದಕ್ಕಿಂತ ಬೆಳಕು ಹುಟ್ಟುವ ಚುಕ್ಕೆ ಎಷ್ಟು ಸಣ್ಣದು ಅನ್ನುವುದನ್ನು ನೋಡಿ.

ಪೊಟ್ಟಣದ ಮೇಲೆ ಸಿಆರ್‌ಐ ಅಂತ ಒಂದು ಸಂಖ್ಯೆ ಬರೆದಿರುತ್ತಾರೆ. ದೀಪದ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನುವುದರ ಅಳತೆ ಅದು, ಗರಿಷ್ಠ 100. ಅಗ್ಗದ ಎಲ್‌ಇಡಿಗಳಲ್ಲಿ ಕಡುಕೆಂಪು ಕಮ್ಮಿ ಇರುತ್ತದೆ, ಅದಕ್ಕೇ ಕೆಂಪು ಕಾರು ಸಪ್ಪೆಯಾಗಿ ಕಾಣುವುದು. 90ರ ಮೇಲಿದ್ದರೆ ಒಳ್ಳೇದು. ಗೀರು ಹಿಡಿಯಲು ಅದು ತೀರಾ ಮುಖ್ಯ ಅಲ್ಲ, ಟಚಪ್ ಬಣ್ಣ ಹೊಂದಿಸುವಾಗ ಮುಖ್ಯ.

ಬಿಳಿ ಕಾರಿನವರಿಗೆ ಕೆಲಸ ಕಷ್ಟ. ಕಪ್ಪು ಬಣ್ಣ ಬೆಳಕನ್ನು ನುಂಗಿಕೊಳ್ಳುವುದರಿಂದ ಗೀರಿನಿಂದ ಬಂದ ಸ್ವಲ್ಪ ಬೆಳಕೂ ಎದ್ದು ಕಾಣುತ್ತದೆ. ಬಿಳಿಯಲ್ಲಿ ಕೆಳಗಿನ ಬಣ್ಣವೇ ಬೆಳಕನ್ನೆಲ್ಲ ವಾಪಸ್ ಎಸೆಯುತ್ತದೆ, ಗೀರಿನ ಹೊಳಪು ಅದರಲ್ಲಿ ಕಳೆದುಹೋಗುತ್ತದೆ. ದೀಪ ಇನ್ನೂ ಜೋರು ಮಾಡಿದರೆ ಕಣ್ಣು ಕುಕ್ಕುತ್ತದೆ ಅಷ್ಟೇ. ಬೆಳಕು ಕಮ್ಮಿ ಮಾಡಿ, ಟಾರ್ಚನ್ನು ಓರೆಯಾಗಿ ಹಿಡಿದು, ಪ್ರತಿಬಿಂಬದ ಅಂಚಿಗೆ ಒತ್ತಿಕೊಂಡಂತೆ ಇರುವ ಜಾಗವನ್ನೇ ನೋಡಿ.

ಈಗ ಪಾಲಿಶ್. ಅದರಲ್ಲಿ ಉಜ್ಜುವ ಪುಡಿಯಾಗಿ ಸಾಮಾನ್ಯವಾಗಿ ಇರುವುದು ಅಲ್ಯುಮಿನಿಯಂ ಆಕ್ಸೈಡ್, ಮೋಸ್ ಮಾಪಕದಲ್ಲಿ 9. ಮಾಣಿಕ್ಯವೂ ಇದೇ ವಸ್ತು, ಸ್ವಲ್ಪ ಕ್ರೋಮಿಯಂ ಬೆರೆತು ಕೆಂಪಾಗಿರುತ್ತದೆ. ಬೆಣಚಿಗಿಂತ ಗಟ್ಟಿಯಾದ ಪುಡಿಯಿಂದ ಗೀರು ಹೋಗುವುದು ಹೇಗೆ? ಗೀರು ಹೋಗುವುದಿಲ್ಲ, ಅದರ ಅಕ್ಕಪಕ್ಕದ ಪೇಂಟು ಗೀರಿನ ತಳದವರೆಗೂ ಸವೆಯುತ್ತದೆ. ದೊಡ್ಡ ಗೀರಿದ್ದ ಜಾಗದಲ್ಲಿ ಈಗ ಬರೀ ಸಣ್ಣ ಗೀರು. ನಮಗೆ ಕಾಣುವ ಬೆಳಕಿನ ತರಂಗದ ಉದ್ದ 0.4ರಿಂದ 0.7 ಮೈಕ್ರಾನ್. ಗೀರುಗಳು ಅದಕ್ಕಿಂತ ತುಂಬಾ ಸಣ್ಣದಾದರೆ ಬೆಳಕು ಚೆದುರುವುದು ಬಹಳ ಕಮ್ಮಿಯಾಗುತ್ತದೆ, ಮೇಲ್ಮೈ ಕನ್ನಡಿಯಂತೆ ಕಾಣುತ್ತದೆ. ಕಾಂಪೌಂಡ್ ಅನ್ನುವ ಒರಟು ಪಾಲಿಶ್‌ನಲ್ಲಿ ಪುಡಿ ದಪ್ಪ, ಬೇಗ ಸವೆಸುತ್ತದೆ, ಮಸುಕು ಉಳಿಸುತ್ತದೆ. ಫಿನಿಶಿಂಗ್ ಪಾಲಿಶ್‌ನಲ್ಲಿ ಪುಡಿ ನುಣುಪು, ಆ ಮಸುಕನ್ನು ತೆಗೆಯುತ್ತದೆ.

ತುಂಬಾ ಕಡೆ ‘ರಬ್ಬಿಂಗ್ ಪಾಲಿಶ್’ ಅಂತ ಒಂದೇ ಸಲಕ್ಕೆ ದಪ್ಪ ಕಾಂಪೌಂಡ್ ಹಾಕಿ ಗಿರಗಿರ ತಿರುಗುವ ಮೆಷಿನ್ ಓಡಿಸುತ್ತಾರೆ, ಅದು ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ಮಾಡುವವರು ತಿರುಗುತ್ತಲೇ ಅತ್ತಿತ್ತ ಅಲುಗುವ ಡ್ಯುಯಲ್ ಆ್ಯಕ್ಷನ್ ಮೆಷಿನ್ ತಗೊಳ್ಳಿ. ಬಿಸಿ ಒಂದೇ ಕಡೆ ಸೇರುವುದಿಲ್ಲ. ಮೊದಲು ಗಾಡಿಯನ್ನು ಚೆನ್ನಾಗಿ ತೊಳೆಯಿರಿ, ನೆರಳಿಗೆ ತನ್ನಿ. ಏಪ್ರಿಲ್ ಬಿಸಿಲಿನಲ್ಲಿ ಕಾದ ಬಾನೆಟ್ ಮೇಲೆ ಪಾಲಿಶ್ ಹಾಕಿದರೆ ಅದು ಅಲ್ಲೇ ಒಣಗಿ ಹಿಡಿದುಕೊಳ್ಳುತ್ತದೆ. ಎರಡಡಿ ಚೌಕದ ಒಂದು ಜಾಗ ಆರಿಸಿಕೊಂಡು, ಎಲ್ಲಕ್ಕಿಂತ ನುಣುಪಾದ ಪಾಲಿಶ್ ಮತ್ತು ಮೆತ್ತನೆ ಫೋಮ್ ಪ್ಯಾಡ್‌ನಿಂದ ಶುರುಮಾಡಿ. ಒರೆಸಿ, ಟಾರ್ಚು ಹಿಡಿದು ನೋಡಿ. ಸಾಲದಿದ್ದರೆ ಮೊದಲು ಪ್ಯಾಡ್ ಗಟ್ಟಿಯದಕ್ಕೆ ಬದಲಿಸಿ, ಆಗಲೂ ಸಾಲದಿದ್ದರೆ ಕಾಂಪೌಂಡಿಗೆ ಹೋಗಿ. ಒಂದೊಂದು ಕಂಪನಿಯ ಕ್ಲಿಯರ್ ಕೋಟ್ ಒಂದೊಂದು ಗಡಸು, ಆದ್ದರಿಂದ ಪಕ್ಕದ ಮನೆಯವರ ಕಾರಿಗೆ ಸರಿಹೋದದ್ದು ನಿಮ್ಮದಕ್ಕೂ ಸರಿಹೋಗುತ್ತದೆ ಅಂತ ಇಲ್ಲ. ಬಾನೆಟ್ ಅಂಚು, ಡೋರಿನ ಏಣು, ಇಲ್ಲೆಲ್ಲ ಪೇಂಟು ಬೇಗ ಸವೆಯುತ್ತದೆ, ಟೇಪ್ ಅಂಟಿಸಿ.

ಒಂದು ವಿಷಯ ಮಾತ್ರ ದಯವಿಟ್ಟು ಗಮನಿಸಿ. ಮಳೆಯಲ್ಲಿ ನೆನೆದ ಹಳೇ ಗಾಡಿಯೂ ಹೊಸದರ ಹಾಗೆ ಕಾಣುತ್ತದಲ್ಲ, ಯಾಕೆ? ಒಂದು ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆಗೆ ವಕ್ರೀಭವನ ಸೂಚ್ಯಂಕ ಅನ್ನುತ್ತಾರೆ. ಗಾಳಿಯದು 1, ನೀರಿನದು 1.33, ಕ್ಲಿಯರ್ ಕೋಟ್‌ನದು ಸುಮಾರು 1.5. ಗೀರಿನಲ್ಲಿ ಗಾಳಿ ಇದ್ದಾಗ ಆ ಗೋಡೆಯಲ್ಲಿ ಬೆಳಕು ಜೋರಾಗಿ ಚೆದುರುತ್ತದೆ, ನೀರು ತುಂಬಿದಾಗ ವ್ಯತ್ಯಾಸ ಕಮ್ಮಿಯಾಗಿ ಗೀರು ಅಡಗುತ್ತದೆ. ಎಣ್ಣೆ ತುಂಬಿದರೆ ಇನ್ನೂ ಚೆನ್ನಾಗಿ ಅಡಗುತ್ತದೆ. ಕೆಲವು ಪಾಲಿಶ್‌ಗಳಲ್ಲಿ, ಗ್ಲೇಜ್ ಅನ್ನುವ ಹೊಳಪಿನ ಲೇಪಗಳಲ್ಲಿ ಇಂಥ ಎಣ್ಣೆ, ಮೇಣ ಬೇಕಂತಲೇ ಹಾಕಿರುತ್ತಾರೆ. ದುಡ್ಡು ಕೊಟ್ಟ ದಿನ ಫಳಫಳ, ನಾಲ್ಕು ಸಲ ವಾಟರ್ ಸರ್ವೀಸ್ ಆದಮೇಲೆ ಮತ್ತೆ ಅದೇ ಬಲೆ. ಇದನ್ನು ಪತ್ತೆಹಚ್ಚಲು ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಜಾಸ್ತಿ ನೀರು ಬೆರೆಸಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಮೆತ್ತಗೆ ಒರೆಸಿ, ಆಮೇಲೆ ಟಾರ್ಚು ಹಿಡಿಯಿರಿ. ಈಗ ಕಾಣುವುದೇ ನಿಜವಾದ ಪೇಂಟು.

ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವ ಗೀರನ್ನು ಪಾಲಿಶ್‌ನಿಂದ ಪೂರ್ತಿ ತೆಗೆಯಲು ಹೋಗಬೇಡಿ. ಅದರ ಅಂಚು ಸ್ವಲ್ಪ ನುಣುಪಾದರೆ ಸಾಕು, ನಾಲ್ಕಡಿ ದೂರದಿಂದ ಕಾಣುವುದಿಲ್ಲ. ಹೊಸ ಬಡಾವಣೆಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ತೊಳೆಯುವವರು ನೀರು ಒಣಗುವ ಮುಂಚೆ ಒರೆಸಿಬಿಡಿ, ಅದರ ಸುಣ್ಣದ ಕಲೆ ಬಿಸಿಲಿಗೆ ಗಟ್ಟಿಯಾಗಿ ಕೂರುತ್ತದೆ. ಕೂತಿದ್ದರೆ ತಣ್ಣಗಿರುವ ಪೇಂಟಿನ ಮೇಲೆ ನೀರು ಬೆರೆಸಿದ ವಿನೆಗರ್ ಒಂದು ನಿಮಿಷ ಇಟ್ಟು ತೊಳೆಯಿರಿ. ಸಾಮಾನ್ಯವಾಗಿ ಆ ಕಲೆ ಕರಗಿಯೇ ಹೋಗುತ್ತದೆ, ಆಗ ಪಾಲಿಶ್ ಬೇಕಿಲ್ಲ.