ಟಿವಿ ಇಲ್ಲದ ಕಾಲದಲ್ಲಿ ಬೇಸ್‌ಬಾಲ್ ಫ್ಯಾನ್ಸ್ ಏನ್ ಇಟ್ಕೊಂಡು ಜಗಳ ಆಡ್ತಿದ್ರು?

ಪ್ರಶ್ನೆ: ಟಿವಿ, ಇಂಟರ್ನೆಟ್ ಇಲ್ದಿದ್ದಾಗ ಅಮೆರಿಕದಲ್ಲಿ ಬೇರೆ ಊರಿನ ಪ್ಲೇಯರ್‌ಗಳನ್ನ ನೋಡೋಕೇ ಆಗ್ತಿರ್ಲಿಲ್ಲ ಅಲ್ವಾ, ಮತ್ತೆ ಯಾರು ದೊಡ್ಡ ಆಟಗಾರ ಅಂತ ಹೇಗೆ ವಾದ ಮಾಡ್ತಿದ್ರು?

ಉತ್ತರ: ನೋಡದೇನೇ ಮಾಡ್ತಿದ್ರು, ಅದೂ ಗಂಟೆಗಟ್ಲೆ. 1903ರಿಂದ ಸುಮಾರು ಐವತ್ತು ವರ್ಷ ಎರಡು ದೊಡ್ಡ ಲೀಗ್ ಸೇರಿ ಇದ್ದಿದ್ದೇ 16 ಟೀಮು, ಸೇಂಟ್ ಲೂಯಿಸ್ ದಾಟಿ ಪಶ್ಚಿಮಕ್ಕೆ ಒಂದೂ ಇರ್ಲಿಲ್ಲ, ರೇಡಿಯೋದಲ್ಲಿ ಮ್ಯಾಚ್ ಬಂದಿದ್ದೂ 1921ರಲ್ಲಿ. ಅಲ್ಲೀವರೆಗೆ ದೂರದೂರಿನವರಿಗೆ ಗತಿ ಅಂದ್ರೆ ಪೇಪರು, ಅದರಲ್ಲೂ ಬಾಕ್ಸ್ ಸ್ಕೋರ್. ಯಾರು ಎಷ್ಟು ಸಲ ಬ್ಯಾಟ್ ಹಿಡಿದ, ಎಷ್ಟು ಹಿಟ್ (ಹೊಡೆದು ಔಟಾಗ್ದೇ ಬೇಸ್ ತಲುಪೋದು), ಎಷ್ಟು ರನ್, ಎಷ್ಟು ಎರರ್ (ಫೀಲ್ಡಿಂಗ್ ತಪ್ಪು), ಎಲ್ಲಾ ಅಂಗೈ ಅಗಲದ ಜಾಗದಲ್ಲಿ. ಹೆನ್ರಿ ಚಾಡ್ವಿಕ್ ಅನ್ನೋ ಪತ್ರಕರ್ತ 19ನೇ ಶತಮಾನದಲ್ಲೇ ಇದನ್ನ ರೂಢಿಗೆ ತಂದಿದ್ದ, 1886ರಿಂದ ಸ್ಪೋರ್ಟಿಂಗ್ ನ್ಯೂಸ್ ವಾರಪತ್ರಿಕೆನೂ ಬರ್ತಿತ್ತು.

ಜಾಗ ಅಂದ್ರೆ ಕಟಿಂಗ್ ಶಾಪು, ಸಿಗಾರ್ ಅಂಗಡಿ, ಬಾರು. ಚಳಿಗಾಲದಲ್ಲಿ ಆಟ ಇರಲ್ವಲ್ಲ, ಆಗ ಒಲೆ ಸುತ್ತ ಕೂತು ಮಾತು ಇನ್ನೂ ಜೋರು. ಬೋಸ್ಟನ್‌ನಲ್ಲಿ ಥರ್ಡ್ ಬೇಸ್ ಅಂತ ಒಂದು ಬಾರ್ ಇತ್ತು, ಓನರ್ ಮೆಕ್‌ಗ್ರೀವಿ ಜಗಳ ಜಾಸ್ತಿ ಆದ್ರೆ ಕೌಂಟರ್ ಕುಟ್ಟಿ "ನಫ್ ಸೆಡ್" (ಮಾತಾಡಿದ್ದು ಸಾಕು) ಅಂತಿದ್ದ, ಅಲ್ಲಿಗೆ ಎಲ್ರೂ ಗಪ್‌ಚುಪ್. ಅದೇ ಅವನ ಅಡ್ಡಹೆಸರೂ ಆಯ್ತು.

ಆದ್ರೆ ಆ ನಂಬರ್‌ಗಳು ಎಷ್ಟು ನೆಟ್ಟಗಿದ್ವು ಅಂತ ಕೇಳಿದ್ರೆ 1910ರ ಕಥೆ ಹೇಳ್ಬೇಕು. ಆ ವರ್ಷ ಬ್ಯಾಟಿಂಗ್ ಆವರೇಜ್‌ನಲ್ಲಿ ಫಸ್ಟ್ ಬಂದೋನಿಗೆ ಚಾಮರ್ಸ್ ಕಂಪನಿ ಕಾರು ಅಂತ ಅನೌನ್ಸ್ ಆಗಿತ್ತು (ಇಲ್ಲಿ ಆವರೇಜ್ ಅಂದ್ರೆ ಕ್ರಿಕೆಟ್ ಥರ ರನ್ ಲೆಕ್ಕ ಅಲ್ಲ, ಬ್ಯಾಟ್ ಹಿಡಿದಿದ್ರಲ್ಲಿ ಎಷ್ಟು ಸಲ ಹಿಟ್ ಬಂತು ಅನ್ನೋದು). ಡೆಟ್ರಾಯಿಟ್‌ನ ಟೈ ಕಾಬ್ ಮುಂದಿದ್ದ, ಇರೋದನ್ನ ಉಳಿಸ್ಕೊಳ್ಳೋಕೆ ಕೊನೇ ಎರಡು ಮ್ಯಾಚ್ ಆಡ್ಲೇ ಇಲ್ಲ. ಕಾಬ್ ಕಂಡ್ರೆ ತುಂಬ ಜನಕ್ಕೆ ಆಗ್ತಿರ್ಲಿಲ್ಲ, ಕ್ಲೀವ್‌ಲ್ಯಾಂಡ್‌ನ ನ್ಯಾಪ್ ಲಾಜ್ವೇ ಅಂದ್ರೆ ಎಲ್ರಿಗೂ ಇಷ್ಟ. ಕೊನೇ ದಿನ ಸೇಂಟ್ ಲೂಯಿಸ್‌ನಲ್ಲಿ ಎರಡು ಮ್ಯಾಚು, ಅಲ್ಲಿನ ಮ್ಯಾನೇಜರ್ ಓ'ಕಾನರ್ ತನ್ನ ಹೊಸ ಹುಡುಗ, ಥರ್ಡ್ ಬೇಸ್ ಹತ್ರ ಫೀಲ್ಡಿಂಗ್ ಮಾಡೋ ಕೊರಿಡನ್‌ಗೆ ಹಿಂದೆ ಹೋಗಿ ನಿಂತ್ಕೋ ಅಂದ, ಲಾಜ್ವೇ ಮೆಲ್ಲಗೆ ಬಂಟ್ ಮಾಡೋದು (ಬ್ಯಾಟ್ ಬೀಸದೆ ಚೆಂಡನ್ನ ಹತ್ತಿರಕ್ಕೇ ತಟ್ಟೋದು) ಓಡೋದು, ಮಾಡೋದು ಓಡೋದು, ಹೆಚ್ಚಿನವು ಹಂಗೇ ಬಂದು ಒಟ್ಟು 8 ಹಿಟ್! ಗಲಾಟೆ ಆಗ್ದೇ ಇರುತ್ತಾ, ಓ'ಕಾನರ್ ಕೆಲ್ಸಾನೇ ಹೋಯ್ತು. ಲೀಗ್ ಪ್ರೆಸಿಡೆಂಟ್ ಬ್ಯಾನ್ ಜಾನ್ಸನ್ ಲೆಕ್ಕ ಹಾಕ್ಸಿ ಕಾಬ್ .385, ಲಾಜ್ವೇ .384 ಅಂದ, ಕಂಪನಿಯವರು ಬುದ್ಧಿವಂತರು, ಇಬ್ರಿಗೂ ಕಾರ್ ಕೊಟ್ಟು ಕೈತೊಳ್ಕೊಂಡ್ರು.

1981ರಲ್ಲಿ ಅದೇ ಸ್ಪೋರ್ಟಿಂಗ್ ನ್ಯೂಸ್ ಬರೀತು, ಕಾಬ್‌ನ ಒಂದು ಮ್ಯಾಚ್ ಎರಡು ಸಲ ಎಣಿಸಿಬಿಟ್ಟಿದಾರೆ ಅಂತ. ಆಗ ಬೇಸ್‌ಬಾಲ್‌ನ ಮುಖ್ಯಸ್ಥ, ಅಂದ್ರೆ ಕಮಿಷನರ್, ಆಗಿದ್ದ ಬೋವಿ ಕೂನ್ ಮಾತ್ರ ರೆಕಾರ್ಡ್ ಬದಲಾಯಿಸೋಕೆ ಒಪ್ಲಿಲ್ಲ. ನನ್ನ ಕೇಳಿದ್ರೆ ಎಣಿಕೆ ತಪ್ಪು ಅಂತ ಗೊತ್ತಾದ್ಮೇಲೆ ತಿದ್ದೋದೇ ಸರಿ.

ಇನ್ನು ಬಿಳಿಯರ ಲೀಗ್‌ಗೆ ಸೇರಿಸ್ದೇ ಇದ್ದ ಕಪ್ಪು ಆಟಗಾರರ ವಿಷ್ಯ ಬೇರೆ, ಅವರ ಬಾಕ್ಸ್ ಸ್ಕೋರ್ ಎಷ್ಟೋ ಸಲ ಪ್ರಿಂಟೇ ಆಗ್ತಿರ್ಲಿಲ್ಲ. ಹಂಗಾಗಿ ಅವರಲ್ಲೊಬ್ಬನಾದ ಜಾಶ್ ಗಿಬ್ಸನ್ ಬಗ್ಗೆ ವಾದ ನಡೀತಿದ್ದಿದ್ದು ಜಾಸ್ತಿ ಬಾಯಿಮಾತಲ್ಲಿ, ಚಿಕಾಗೋ ಡಿಫೆಂಡರ್, ಪಿಟ್ಸ್‌ಬರ್ಗ್ ಕುರಿಯರ್ ಥರದ ಕಪ್ಪು ಜನರ ಪೇಪರ್‌ಗಳಲ್ಲಿ. ಸಿಕ್ಕಷ್ಟು ಸ್ಕೋರ್ ಹುಡುಕಿ ದೊಡ್ಡ ಲೀಗ್‌ಗಳ ರೆಕಾರ್ಡ್‌ಗೆ ಸೇರಿಸಿದ್ದು 2024ರಲ್ಲಿ, ಆಗ ಗಿಬ್ಸನ್ .372, ಇಡೀ ಕರಿಯರ್ ಆವರೇಜ್‌ನಲ್ಲಿ .367 ಇದ್ದ ಕಾಬ್ ಎರಡನೇ ಜಾಗಕ್ಕೆ ಇಳಿದ.